ಅಂದ್ಮೇಲೆ ಅಣ್ಣ

ಅವರ ನಿಜವಾದ ಹೆಸರು ರೈಲ್ವೆ ಪಾಸಿನ ಮೇಲಿದೆ. ಅದನ್ನು ಓದಿರುವವರು ಟಿಸಿ ಒಬ್ಬರೇ. ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಯಲ್ಲಿ ಉಳಿದ ನಮಗೆಲ್ಲ ಅವರು ಅಂದ್ಮೇಲೆ ಅಣ್ಣ. ಉರಿಗಾಂನಲ್ಲಿ ಹತ್ತುತ್ತಾರೆ, ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲು ಹಾಸುತ್ತಾರೆ, ಊಟದ ಡಬ್ಬಿಯನ್ನು ಮೇಲಿನ ಹಲಗೆಯ ಮೇಲಿಡುತ್ತಾರೆ, ಗಾಡಿ ಕೋರಮಂಡಲ್ ಮುಟ್ಟುವುದರೊಳಗೆ ಯಾರದೋ ಮಾತಿಗೆ ಕೊಕ್ಕೆ ಹಾಕಿರುತ್ತಾರೆ. ಒಂದು ಸಂಗತಿ ಹೇಳುತ್ತಾರೆ, ನಿಲ್ಲಿಸುತ್ತಾರೆ, ಹುಬ್ಬು ಮೇಲೆತ್ತಿ ‘ಅಂದ್ಮೇಲೆ?’ ಅನ್ನುತ್ತಾರೆ. ಮುಂದಿನದನ್ನು ನಾವೇ ತುಂಬಿಕೊಂಡು ಸೋಲಬೇಕು.

ಇಂಥವರು ನಮ್ಮ ಗಾಡಿಗೇ ಮೀಸಲಲ್ಲ. ನಿಮ್ಮೂರಿನ ಕಟಿಂಗ್ ಶಾಪಿನಲ್ಲಿ, ಹಾಲಿನ ಡೇರಿಯ ಕಟ್ಟೆಯ ಮೇಲೆ, ಮದುವೆ ಮನೆಯ ಎರಡನೇ ಪಂಕ್ತಿಗೆ ಕಾಯುವವರ ಗುಂಪಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ನಮ್ಮವರ ಹೆಚ್ಚುಗಾರಿಕೆ ಏನೆಂದರೆ, ಅವರು ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವವನ ಹತ್ತಿರ ವಾದ ಮಾಡುವುದು ಸುಲಭ. ನಿಜವನ್ನೇ ಹೇಳಿ ತಪ್ಪು ದಾರಿಗೆ ಕರೆದೊಯ್ಯುವವರ ಎದುರು ಏನು ಮಾಡುತ್ತೀರಿ?

ಒಂದು ದಿನ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬ ನಿದ್ದೆಗಣ್ಣಲ್ಲಿ ಹತ್ತಿದವನು, ‘ರಾತ್ರಿಯೆಲ್ಲ ಕರೆಂಟಿಲ್ಲ, ಸೊಳ್ಳೆ ಕಾಟ’ ಎಂದು ಗೊಣಗಿದ.

‘ತಮ್ಮಾ, ಶಿವನಸಮುದ್ರದಿಂದ ಕರೆಂಟ್ ಮೊದಲು ಬಂದಿದ್ದು ಯಾವೂರಿಗೆ?’

‘ನಮ್ಮೂರಿಗೇ ಅಣ್ಣ.’

‘ಯಾವ ವರ್ಷ?’

‘1902.’ ಇದು ನಮ್ಮೂರಿನ ಹುಡುಗರಿಗೆ ಹುಟ್ಟಿದ ತಾರೀಕಿಗಿಂತ ಮೊದಲು ಬಾಯಿಪಾಠವಾಗುತ್ತದೆ.

‘ಬೆಂಗಳೂರಿಗೆ?’

‘1905.’

‘ಮೂರು ವರ್ಷ ಬೆಂಗಳೂರೋರು ದೀಪ ಹಚ್ಕೊಂಡು ಕೂತಿದ್ರು, ನಾವು ಬಲ್ಬು ಹಾಕ್ಕೊಂಡು ಕೂತಿದ್ವಿ. ಅಂದ್ಮೇಲೆ?’

ಅಂದ ಮೇಲೆ ಏನು? ಹುಡುಗ ಯೋಚಿಸಿದ. ನಾನೂ ಯೋಚಿಸಿದೆ. ಎದುರಿಗೆ ಕೂತು ಹೂ ಕಟ್ಟುತ್ತಿದ್ದ ಅಕ್ಕನೂ ದಾರ ಹಿಡಿದು ಯೋಚಿಸಿದರು. ನೂರಿಪ್ಪತ್ತು ವರ್ಷದ ಹಿಂದೆ ಬಲ್ಬು ಉರಿದಿದ್ದರಿಂದ ನಿನ್ನೆ ರಾತ್ರಿಯ ಸೊಳ್ಳೆ ಕಚ್ಚಲಿಲ್ಲ ಎಂದೇ? ಆದರೆ ಹುಡುಗ ಮಾತ್ರ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ, ‘ಹೌದಣ್ಣ, ಆ ಕಾಲಾನೇ ಬೇರೆ’ ಎಂದ. ಬಂಗಾರಪೇಟೆ ಬರುವವರೆಗೂ ಕೈ ಕೆರೆದುಕೊಳ್ಳುತ್ತಲೇ ಇದ್ದ.

ಗಾಡಿಯಲ್ಲೇ ಬದುಕು ಕಳೆದವರಿಗೆ ಇದನ್ನು ಹೇಗೆ ಹೇಳಬೇಕೆಂದರೆ, ಅಣ್ಣನ ಬೋಗಿಗಳೆಲ್ಲ ಗಟ್ಟಿ. ಸಂಗತಿ ಒಂದು ಬೋಗಿ, ತೀರ್ಮಾನ ಇನ್ನೊಂದು ಬೋಗಿ. ನಡುವಿನ ಕೊಂಡಿ ಮಾತ್ರ ಹಾಕಿರುವುದಿಲ್ಲ. ಅದರ ಜಾಗದಲ್ಲಿ ‘ಅಂದ್ಮೇಲೆ’ ಇಟ್ಟಿರುತ್ತಾರೆ. ನಾವು ಬೋಗಿ ತಟ್ಟಿ ನೋಡುತ್ತೇವೆ, ಟಣ್ ಅನ್ನುತ್ತದೆ, ಸರಿ ಎಂದು ಹತ್ತಿ ಕೂರುತ್ತೇವೆ. ಎಂಜಿನ್ನು ಆಗಲೇ ಹೊರಟು ಹೋಗಿರುತ್ತದೆ.

ನನಗೆ ಇದೆಲ್ಲ ಅರ್ಥವಾಗುತ್ತದೆ, ಯಾಕೆಂದರೆ ನಾನು ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡವನು. ಸೈನ್ಸಿಗೆ ಮಾರ್ಕ್ಸು ಸಾಲದೆ ಹೋದದ್ದು ಬೇರೆ ವಿಷಯ. ನ್ಯಾಯಸೂತ್ರ ಬರೆದ ಗೌತಮ ಹೇತ್ವಾಭಾಸಗಳು 5, ಜಾತಿಗಳು 24, ನಿಗ್ರಹಸ್ಥಾನಗಳು 22 ಎಂದು ಲೆಕ್ಕ ಇಟ್ಟಿದ್ದಾನೆ. ಇಲ್ಲಿ ಜಾತಿ ಅಂದರೆ ಪೊಳ್ಳು ಆಕ್ಷೇಪಣೆ, ಚುನಾವಣೆಯ ಜಾತಿಯಲ್ಲ. ಹೇತ್ವಾಭಾಸವೆಂದರೆ ಕಾರಣದ ವೇಷ ಹಾಕಿಕೊಂಡು ಬಂದದ್ದು, ಕಾರಣವಲ್ಲದ್ದು. ನಿಗ್ರಹಸ್ಥಾನವೆಂದರೆ ವಾದಿ ಸೋತ ಎಂದು ಸಾರುವ ಜಾಗ. ಹೊಸ ಕಂಬಳಿ ಹೊದ್ದವನನ್ನು ‘ನವಕಂಬಳದವನು’ ಅಂದರೆ, ‘ಎಲ್ಲಿ, ಒಂದೇ ಇದೆಯಲ್ಲ, ಒಂಬತ್ತು ತೋರಿಸು’ ಎಂದು ಕೇಳುವವನಿಗೂ ಆ ಶಾಸ್ತ್ರದಲ್ಲಿ ಜಾಗವಿದೆ. ಅದಕ್ಕೆ ಛಲ ಎಂದು ಹೆಸರು. ಗೌತಮನೂ ದಿನಾ ಇಂಥದೇ ಗಾಡಿಯಲ್ಲಿ ಓಡಾಡಿರಬೇಕು; ಇಲ್ಲದಿದ್ದರೆ ಇಷ್ಟು ಸಿಟ್ಟು ಬರುವುದಿಲ್ಲ.

ಹೆಸರು ಗೊತ್ತಿದ್ದರೆ ವಾದ ಗೆಲ್ಲಬಹುದು ಎಂದು ನಾನು ಬಹಳ ದಿನ ನಂಬಿದ್ದೆ. ಆ ನಂಬಿಕೆ ಹೋದದ್ದು ಒಂದು ಸೋಮವಾರ, ಟೇಕಲ್ ದಾಟಿದ ಮೇಲೆ.

ಅಣ್ಣ ಅಂದು ಬ್ರಿಟಿಷರನ್ನು ಹೊಗಳುತ್ತಿದ್ದರು. ‘ಜಾನ್ ಟೇಲರ್ ಕಂಪನಿ ಇರೋವರೆಗೂ ಚಿನ್ನ ಬಂತು. 1956ರಲ್ಲಿ ಸರ್ಕಾರ ತಗೊಂತು. 2001ರಲ್ಲಿ ಮೈನ್ಸಿಗೆ ಬೀಗ ಬಿತ್ತು. ಅಂದ್ಮೇಲೆ?’

‘ಅಣ್ಣ, ಇದು ಕಾಕತಾಳೀಯ’ ಎಂದೆ.

‘ಕಾಗೆನಾ?’

‘ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. ಕಾಗೆ ಕೂತಿದ್ದರಿಂದಲೇ ಹಣ್ಣು ಬಿತ್ತು ಅಂತ ಹೇಳೋಕಾಗಲ್ಲ. ಮೊದಲು ಆದದ್ದೆಲ್ಲ ಆಮೇಲೆ ಆದದ್ದಕ್ಕೆ ಕಾರಣ ಅಲ್ಲ. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ 45 ವರ್ಷ ಐತೆ. ಅದಿರಲ್ಲಿ ಚಿನ್ನ ಕಮ್ಮಿ ಆಗ್ತಾ ಬಂದಿದ್ದು ಬ್ರಿಟಿಷರ ಕಾಲದಿಂದಲೇ. ಕೊನೇ ಕಾಲಕ್ಕೆ ಒಂದು ಟನ್ ಕಲ್ಲು ಅರೆದರೆ ಮೂರೋ ನಾಲ್ಕೋ ಗ್ರಾಂ ಸಿಗ್ತಿತ್ತು. ಅದನ್ನ ಎರಡು ಮೂರು ಕಿಲೋಮೀಟರ್ ಆಳದಿಂದ ಎತ್ಕೊಂಡು ಬರಬೇಕಿತ್ತು.’

ಇಷ್ಟು ಉದ್ದ ನಾನು ಆ ಗಾಡಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಹೂ ಕಟ್ಟುವ ಅಕ್ಕ ಮೆಚ್ಚಿದ ಹಾಗೆ ಕಂಡಿತು. ಅಣ್ಣ ನಿಧಾನವಾಗಿ ಕೇಳಿಸಿಕೊಂಡರು.

‘ಬಂಗಾರಪೇಟೆಗೆ ಮೊದಲು ಏನಂತಿದ್ರು?’

‘ಬೌರಿಂಗ್‌ಪೇಟೆ.’

‘ಬೌರಿಂಗ್ ಯಾರು?’

‘ಮೈಸೂರಿನ ಕಮಿಷನರ್ ಆಗಿದ್ದವರು.’

‘ಇಂಗ್ಲಿಷಿನೋನೇ ತಾನೆ? ಆ ಊರಿನ ಹೆಸರೇ ಅವನದಾಗಿತ್ತು. ಅಂದ್ಮೇಲೆ?’

ನೋಡಿ, ಬಂಗಾರಪೇಟೆ ಯಾಕೆ ಜಂಕ್ಷನ್ ಎಂದು ನನಗೆ ಅವತ್ತು ತಿಳಿಯಿತು. ಒಂದು ಹಳಿ ಬೆಂಗಳೂರಿಗೆ, ಒಂದು ಜೋಲಾರಪೇಟೆಯ ಕಡೆಗೆ, ಒಂದು ಮಾರಿಕುಪ್ಪಂಗೆ, ಒಂದು ಕೋಲಾರಕ್ಕೆ. ನನ್ನ ಮಾತು ಬೆಂಗಳೂರಿನ ಹಳಿ ಹಿಡಿದು ಜೋರಾಗಿ ಹೊರಟಿತ್ತು. ಅಣ್ಣ ಸದ್ದಿಲ್ಲದೆ ಪಾಯಿಂಟು ಎಳೆದು ಕೋಲಾರದ ಲೈನಿಗೆ ತಿರುಗಿಸಿಬಿಟ್ಟರು. ಆ ಲೈನು ಹಿಂದೆ ನ್ಯಾರೋಗೇಜು ಬೇರೆ. ನಾನು ಮಾಲೂರಿನವರೆಗೂ ಲ್ಯೂಯಿನ್ ಬೌರಿಂಗ್ ಸಾಹೇಬರ ಚರಿತ್ರೆಯಲ್ಲೇ ತೆವಳುತ್ತಿದ್ದೆ. ಚಿನ್ನದ ವಿಷಯ ಎಲ್ಲಿ ಹೋಯಿತೋ.

ಹೊರಗಿನವರ ಎದುರು ಮಾತ್ರ ಅಣ್ಣ ನಮ್ಮ ಪಕ್ಷ. 2018ರಲ್ಲಿ ಕೆಜಿಎಫ್ ಸಿನಿಮಾ ಬಂದ ಮೇಲೆ ವೈಟ್‌ಫೀಲ್ಡಿನಲ್ಲಿ ಹತ್ತಿ ಇಳಿಯುವ ಐಟಿ ಹುಡುಗರಿಗೆಲ್ಲ ಒಂದೇ ಪ್ರಶ್ನೆ. ‘ಓ, ಕೆಜಿಎಫ್‌ನೋರಾ? ಅಲ್ಲಿ ಈಗಲೂ ಹಂಗೇನಾ?’ ಸಿನಿಮಾದಲ್ಲಿ ಇರುವುದು ನರಾಚಿ ಎಂಬ ಕಟ್ಟುಕತೆಯ ಗಣಿ. ಸಿನಿಮಾದ ಮುಖ್ಯ ಕತೆ ನಡೆಯುವ ಕಾಲದಲ್ಲಿ ನಮ್ಮ ಗಣಿಯನ್ನು ನಡೆಸುತ್ತಿದ್ದುದು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ. ಅಲ್ಲಿ ನರಾಚಿಯ ದೊರೆಗಳಿರಲಿಲ್ಲ. ಶಿಫ್ಟು, ಓವರ್‌ಟೈಮು, ಯೂನಿಯನ್ನು ಇದ್ದವು. ಹಾಗೆ ಕೇಳಿದ ಒಬ್ಬ ಹುಡುಗನ ಹೆಗಲ ಮೇಲೆ ಅಣ್ಣ ಕೈ ಇಟ್ಟು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ.

‘ಅನ್ನ ಬೆಂದೈತಾ ಅಂತ ಹೆಂಗ್ ನೋಡ್ತಾರೆ ತಮ್ಮಾ ನಿಮ್ಮನೇಲಿ?’

‘ಒಂದು ಅಗುಳು ಹಿಚುಕಿ.’

‘ಯಾಕೆ ಒಂದೇ ಅಗುಳು? ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ, ಅದಕ್ಕೆ. ನಮ್ಮೂರಲ್ಲಿ ತಮಿಳೋರು, ತೆಲುಗೋರು, ಕನ್ನಡದೋರು, ಸಾಬ್ರು, ಆಂಗ್ಲೋ ಇಂಡಿಯನ್ನು ಎಲ್ಲ ಅವ್ರೆ. ಒಂದೊಂದು ಒಂದೊಂದು ಹದಕ್ಕೆ ಬೆಂದೈತೆ. ನೀನು ಒಂದು ಅಗುಳು ಹಿಚುಕ್ತೀನಿ ಅಂತೀಯ, ಅದೂ ಥಿಯೇಟ್ರಲ್ಲಿ ತೋರಿಸಿದ ಪ್ಲಾಸ್ಟಿಕ್ ಅಗುಳು!’

ಸ್ಥಾಲೀಪುಲಾಕ ನ್ಯಾಯ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ನನಗೆ ಪಿಯುಸಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮೆಚ್ಚಿ ಹೊಗಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮುಂದುವರಿಸಿದ್ದರು. ‘ಬೆಂಗಳೂರೋರೆಲ್ಲ ಇಷ್ಟೇ. ಒಬ್ಬನ್ನ ನೋಡಿದ್ರೆ ಸಾಕು.’

ಅವರ ದೊಡ್ಡ ಅಸ್ತ್ರ ಇನ್ನೊಂದಿತ್ತು. ಸೋಲುವ ಲಕ್ಷಣ ಕಂಡರೆ ಕಾಲು ಚಾಚಿ, ಸ್ವರ ಇಳಿಸಿ, ‘ಹತ್ತು ಸಾವಿರ ಅಡಿ ಕೆಳಗೆ ಇಳಿದ ಮನೆತನ ನಮ್ದು’ ಅನ್ನುತ್ತಿದ್ದರು. ಅಲ್ಲಿಗೆ ಚರ್ಚೆ ಮುಗಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ನಿಜ. ಆ ಆಳದಲ್ಲಿ ಬಂಡೆಯೇ ಕಾದ ಹೆಂಚಿನ ಹಾಗೆ, ಯಾವಾಗ ಸಿಡಿಯುತ್ತದೋ ಹೇಳಲಾಗದು, ಅದೂ ನಿಜ. ಅಲ್ಲಿಗೆ ಇಳಿದು ಬಂದವರ ಮುಂದೆ ಈರುಳ್ಳಿ ರೇಟಿನ ಬಗ್ಗೆ, ಕ್ರಿಕೆಟ್ಟಿನ ಬಗ್ಗೆ, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸದ ಬಗ್ಗೆ ಎದುರು ಮಾತಾಡುವುದು ಹೇಗೆ? ‘ಮನೆತನ’ ಎಂಬ ಮಾತನ್ನು ನಾನು ವರ್ಷಗಟ್ಟಲೆ ಗಮನಿಸಿರಲಿಲ್ಲ. ಇಳಿದವರು ಅವರಪ್ಪ. ಅಣ್ಣ ಕೆಲಸ ಮಾಡಿದ್ದು ಮೇಲೆ, ಸ್ಟೋರ್ಸಿನಲ್ಲಿ. ಮೊಳೆ, ಹಗ್ಗ, ಬೂಟುಗಳ ರಿಜಿಸ್ಟರ್ ಬರೆಯುತ್ತಿದ್ದರು.

ಇದು ಗೊತ್ತಾದ ದಿನ ನನಗೆ ಹಬ್ಬ. ‘ಅಣ್ಣ, ನೀವು ಇಳಿದೇ ಇಲ್ವಂತೆ?’

ಅಣ್ಣ ಅಳುಕಲಿಲ್ಲ. ‘1965ರಲ್ಲಿ ನಮ್ಮ ಮೈನ್ಸಿನ ಒಳಗೆ ಏನು ಹಿಡಿದ್ರು?’

‘ನ್ಯೂಟ್ರಿನೋ.’ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಮೊದಲ ಸಲ ಸಿಕ್ಕ ಜಾಗಗಳಲ್ಲಿ ನಮ್ಮೂರಿನ ಗಣಿಯೂ ಒಂದು. ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜತೆ ಸೇರಿ ಮಾಡಿದ ಪ್ರಯೋಗ ಅದು.

‘ಆ ನ್ಯೂಟ್ರಿನೋ ಭೂಮಿ ತೂರ್ಕೊಂಡು ಹೋಗುತ್ತೆ, ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ. ಅಂಥದ್ದನ್ನೇ ಹಿಡಿದ ಊರು ಇದು. ನಿನ್ನಂಥೋನು ಹೇಳೋ ಮಾತಲ್ಲಿ ಹುಳುಕು ಹಿಡಿಯಕ್ಕಾಗಲ್ವಾ?’

ಬೋಗಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸ್ಟೋರ್ಸಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಒಮ್ಮೆ ಮಾತ್ರ ಅವರದೇ ಪದವನ್ನು ಅವರ ಮೇಲೆ ಎಸೆದವರನ್ನು ಕಂಡಿದ್ದೇನೆ. ಸೂಟ್‌ಕೇಸು ಹಿಡಿದ ಒಬ್ಬರು, ಇಂಗ್ಲಿಷ್ ಪೇಪರ್ ಓದುತ್ತಿದ್ದವರು, ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳನ್ನು ಕಿಟಕಿಯಿಂದ ನೋಡುತ್ತ, ‘ಕಂಪನಿ ನಷ್ಟದಲ್ಲಿತ್ತು. ಅಂದ ಮೇಲೆ ಮುಚ್ಚಲೇಬೇಕಿತ್ತು’ ಎಂದರು. ನಾವೆಲ್ಲ ಅಣ್ಣನ ಕಡೆ ತಿರುಗಿದೆವು.

‘ನಷ್ಟ ಆಗಿದ್ದೂ ನಿಜ ಸಾರ್’ ಎಂದರು ಅಣ್ಣ. ‘ಫೆಬ್ರವರಿ 28ಕ್ಕೆ ಮುಚ್ಚಿದ್ದೂ ನಿಜ. ಮುಚ್ಚೋದು ಬಿಟ್ರೆ ಬೇರೆ ಏನೂ ಇರಲಿಲ್ಲ ಅನ್ನೋದನ್ನ ನೀವು ಮಧ್ಯೆ ಸೇರಿಸಿದ್ರಿ. ಅದನ್ನ ಯಾರು ಹೇಳಿದ್ರು ನಿಮಗೆ?’

ಸೂಟ್‌ಕೇಸಿನವರು ಪೇಪರ್ ತಿರುವಿದರು. ನನಗೆ ಮೈ ಜುಮ್ಮೆಂದಿತು. ಕೊಂಡಿ ಇಲ್ಲದ ಜಾಗ ಎಲ್ಲಿದೆ ಎಂಬುದು ಈ ಮನುಷ್ಯನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ದಿನಾ ನಮಗೆ ಅದೇ ಬೋಗಿ ಹತ್ತಿಸುತ್ತಾರೆ. ಆಮೇಲೆ ಅಣ್ಣ ವೈಟ್‌ಫೀಲ್ಡಿನವರೆಗೂ ಮಾತಾಡಲಿಲ್ಲ. ಅಲ್ಲಿಳಿದು, ಯಾವುದೋ ಗೋದಾಮಿನ ಗೇಟಿನಲ್ಲಿ ಸೆಕ್ಯುರಿಟಿ ಡ್ಯೂಟಿಗೆ ಹೋದರು. ಅಲ್ಲಿಯೂ ರಿಜಿಸ್ಟರ್ ಬರೆಯುವ ಕೆಲಸವೇ.

ಇನ್ನು ನನ್ನ ಸೋಲಿನ ಕತೆ. ಹೋದ ಚಳಿಗಾಲದಲ್ಲಿ ಆಫೀಸಿನ ಗೆಳೆಯರೊಬ್ಬರು ಕಮ್ಮಸಂದ್ರದ ಕೋಟಿಲಿಂಗೇಶ್ವರ ನೋಡಬೇಕೆಂದು ಬಂದಿದ್ದರು. ದಾವಣಗೆರೆಯ ಕಡೆಯವರು, ಮೆಣಸಿನಕಾಯಿ ಬೋಂಡಾ ತಿಂದು ಬೆಳೆದ ಧೈರ್ಯ. ವಾಪಸು ಹೋಗುವಾಗ ಬಂಗಾರಪೇಟೆಯಲ್ಲಿ ಇಳಿಸಿಕೊಂಡು ಪಾನಿಪುರಿ ತಿನ್ನಿಸಲು ಕರೆದುಕೊಂಡು ಹೋದೆ. ಅಲ್ಲಿ ಅಂದ್ಮೇಲೆ ಅಣ್ಣ ಆಗಲೇ ತಟ್ಟೆ ಹಿಡಿದು ನಿಂತಿದ್ದರು.

ಬಂಗಾರಪೇಟೆಯ ಪಾನಿ ನೀವು ನೋಡಿರದಿದ್ದರೆ ಹೇಳುತ್ತೇನೆ: ಅದು ಹಸಿರಲ್ಲ, ಕಂದಲ್ಲ. ಬಾವಿ ನೀರಿನ ಹಾಗೆ ತಿಳಿ. ತಟ್ಟೆಯ ತಳದ ಹೂವಿನ ಚಿತ್ರ ಕಾಣಿಸುತ್ತದೆ. ಗೆಳೆಯರು ಬಟ್ಟಲನ್ನು ಬೆಳಕಿಗೆ ಹಿಡಿದು, ‘ಇದೇನ್ರೀ, ಬರೀ ನೀರು ಕೊಟ್ಟಾರ’ ಎಂದರು.

ಅಣ್ಣ ಹತ್ತಿರ ಬಂದರು. ‘ಸಾರ್, ಹುಷಾರು. ಸುಣ್ಣದ ತಿಳಿನೀರೂ ಹಿಂಗೇ ಇರುತ್ತೆ. ಸುಣ್ಣ ಬಾಯಿ ಸುಡುತ್ತೆ. ಅಂದ್ಮೇಲೆ?’

ಇಂಥ ಅವಕಾಶ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ನಾನು ಎಡಗೈ ಮೇಲೆತ್ತಿದೆ. ‘ಅಣ್ಣ, ನಾಯಿಗೂ ನಾಲ್ಕು ಕಾಲು, ಮೇಜಿಗೂ ನಾಲ್ಕು ಕಾಲು. ಮೇಜು ಬೊಗಳುತ್ತಾ? ಒಂದು ಗುಣ ಹೊಂದಿತು ಅಂತ ಇನ್ನೊಂದೂ ಹೊಂದಬೇಕು ಅನ್ನೋದು ತಪ್ಪು. ಗೌತಮ ಇದಕ್ಕೆ ಸವ್ಯಭಿಚಾರ ಅಂತಾನೆ. ತಿಳಿಯಾಗಿರೋದೆಲ್ಲ ಸುಡೋ ಹಾಗಿದ್ರೆ ಎಳನೀರೂ ಸುಡಬೇಕಿತ್ತು, ಮಳೆನೀರೂ ಸುಡಬೇಕಿತ್ತು, ಗಂಗೆಯೂ...’

ಗೆಳೆಯರು ನನ್ನ ಮಾತಿಗೆ ತಲೆದೂಗುತ್ತ, ನಂಬಿಕೆಯಿಂದ, ಇಡೀ ಬಟ್ಟಲು ಎತ್ತಿ ಗಟಗಟ ಕುಡಿದರು.

ಅದು ಹಸಿಮೆಣಸಿನಕಾಯಿಯ ನೀರು ಎಂದು ನನಗೆ ಗೊತ್ತಿತ್ತು. ಹಲ್ಲು ಬಂದಾಗಿನಿಂದ ಗೊತ್ತು. ಹೇಳಲು ಮರೆತಿದ್ದೆ, ಅಷ್ಟೇ, ಗಂಗೆಯವರೆಗೆ ಬಂದಿದ್ದೆನಲ್ಲ.

ಗೆಳೆಯರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕಣ್ಣು, ಆಮೇಲೆ ಮೂಗಿನ ತುದಿ. ಪಾನಿಪುರಿ ಗಾಡಿಯ ಕಂಬಿ ಹಿಡಿದುಕೊಂಡು ಬಗ್ಗಿದರು. ಉಸಿರು ಮಾತ್ರ ಹೊರಬರುತ್ತಿತ್ತು, ಅದರಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಇದ್ದ ಹಾಗಿತ್ತು. ಅಣ್ಣ ತಮ್ಮ ತಟ್ಟೆ ಕೆಳಗಿಟ್ಟು, ಪಕ್ಕದ ಅಂಗಡಿಗೆ ಹೋಗಿ ಒಂದು ಹಿಡಿ ಸಕ್ಕರೆ ತಂದು ಅವರ ಅಂಗೈಗೆ ಸುರಿದರು. ಟವೆಲು ಕೊಟ್ಟರು. ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆರೆದರು. ನಾನು ಆ ಪದಕ್ಕಾಗಿ ಕಾದು ನಿಂತೆ.

‘ಇನ್ನೊಂದು ಪ್ಲೇಟ್ ಹಾಕಪ್ಪ, ಸಾರ್‌ಗೆ, ನೀರಿಲ್ದೆ’ ಎಂದರು ಪಾನಿಪುರಿಯವನಿಗೆ. ‘ದುಡ್ಡು ಈ ಗೌತಮರ ಹತ್ರ ಇಸ್ಕೋ.’