ಬಾಲ ಬಂದ ಅನ್ನ

ನಮ್ಮ ಮನೆಯ ಅಕ್ಕಿ ಈಗ ಗ್ಯಾರೇಜಿನಲ್ಲಿದೆ. ಹಿಮ ಎತ್ತುವ ಸಲಿಕೆ, ಮಗಳ ಹಳೇ ಸೈಕಲ್ಲು, ಇವುಗಳ ನಡುವೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ರಾಜ್ಯ ಕಳಕೊಂಡ ರಾಜನ ಹಾಗೆ ಗೋಡೆಗೆ ಒರಗಿ ಕೂತಿದೆ. ಕಾರಣ ನನ್ನ ರಕ್ತ. ಮೂರು ತಿಂಗಳ ಸಕ್ಕರೆಯ ಜಾತಕ ಹೇಳುವ ಎವನ್‌ಸಿ ಪರೀಕ್ಷೆಯಲ್ಲಿ ನನಗೆ 6.1 ಬಂತು. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್ ಅಂತ ಲೆಕ್ಕ. ಅಂದರೆ ಕಾಯಿಲೆ ಇನ್ನೂ ಬಂದಿಲ್ಲ, ಬಸ್ಸು ಹತ್ತಿದೆ. ರಿಪೋರ್ಟು ಬಂದ ಸಂಜೆಯೇ ನನ್ನವಳು ಅಕ್ಕಿಯನ್ನು ಗಡೀಪಾರು ಮಾಡಿದಳು.

ಅಮ್ಮ ಬಂದದ್ದು ಮೇ ತಿಂಗಳಲ್ಲಿ. ಮಿನೆಸೋಟಕ್ಕೆ ಅಮ್ಮಂದಿರು ಬರುವುದು ವಲಸೆ ಹಕ್ಕಿಗಳ ಲೆಕ್ಕದಲ್ಲಿ: ಹಿಮ ಕರಗಿದ ಮೇಲೆ ಇಳಿಯುತ್ತಾರೆ, ಮತ್ತೆ ಬೀಳುವ ಹೊತ್ತಿಗೆ ಹಾರಿರುತ್ತಾರೆ. ಬಂದ ಮರುದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಬಿಚ್ಚಿ ನೋಡಿ ಕೇಳಿದರು.

“ಅಕ್ಕಿ ಎಲ್ಲೋ?”

“ಗ್ಯಾರೇಜಲ್ಲಿದೆಯಮ್ಮ.”

“ಯಾಕೆ, ಕಾರು ಊಟ ಮಾಡುತ್ತಾ?”

ಜೂನಿನಲ್ಲಿ ನಮ್ಮ ಕನ್ನಡ ಕೂಟದ ಪಿಕ್‌ನಿಕ್. ಈ ರಾಜ್ಯದ ಕಾರುಗಳ ನಂಬರ್‌ಪ್ಲೇಟಿನ ಮೇಲೇ 10,000 ಕೆರೆಗಳು ಎಂದು ಬರೆದಿರುತ್ತದೆ. ಅಂಥದ್ದೊಂದು ಕೆರೆಯ ದಡದಲ್ಲಿ ಊಟ. ಈ ಸಲ ಎಲ್ಲರೂ ಆರೋಗ್ಯಕರ ಅಡುಗೆ ತರಬೇಕು ಅಂತ ವಾಟ್ಸ್‌ಆ್ಯಪಿನಲ್ಲಿ ಅಪ್ಪಣೆಯಾಯಿತು. ಹೆಸರು ಬರೆಯುವ ಪಟ್ಟಿ ತೆರೆದರೆ ಮೊದಲ ಏಳು ಮಂದಿ ಪೇಪರ್ ಪ್ಲೇಟು ತರುವುದಾಗಿ ಬರೆದಿದ್ದರು. ಪೇಪರ್ ಪ್ಲೇಟಿನಷ್ಟು ಆರೋಗ್ಯಕರವಾದದ್ದು ಇನ್ನೇನಿದೆ, ನಿಜವೇ. ನಾನು ಮಾತ್ರ ಆವೇಶದಲ್ಲಿ ಬರೆದುಬಿಟ್ಟೆ: ಕ್ವಿನೋವಾ ಮೊಸರನ್ನ, ತಾಜಾ ಅನಾನಸ್ ಮತ್ತು ದಾಳಿಂಬೆ ಸಹಿತ, 60 ಜನಕ್ಕೆ.

“ರೀ, 60 ಜನಕ್ಕೆ ನೀವು ನೀರಾದರೂ ಕಾಯಿಸಿದ್ದೀರಾ ಯಾವತ್ತಾದರೂ?” ಅಂದಳು ನನ್ನವಳು.

ಪಿಕ್‌ನಿಕ್ಕಿನ ದಿನ ಬೆಳಗ್ಗೆ ಆರಕ್ಕೆ ಎದ್ದು ದೊಡ್ಡ ಪಾತ್ರೆಗೆ ಕ್ವಿನೋವಾ ಸುರಿದು ನೀರು ಬಿಟ್ಟೆ. ಕೈಯಾಡಿಸಿದೆ ನೋಡಿ, ನೊರೆ! ಒಂದು ಸಲ ಬಗ್ಗಿಸಿದೆ, ಎರಡು ಸಲ ಬಗ್ಗಿಸಿದೆ, ನೊರೆ ಬರುತ್ತಲೇ ಇತ್ತು. ಕಾಫಿ ಲೋಟ ಹಿಡಿದು ಬಂದ ಅಮ್ಮ ಬಗ್ಗಿ ನೋಡಿದರು.

“ಪಾತ್ರೆ ತೊಳೆಯೋ ಸೋಪು ಹಾಗೇ ಬಿಟ್ಟಿದ್ದೀಯಲ್ಲೋ.”

“ಇಲ್ಲಮ್ಮ, ಈ ಕಾಳೇ ಹೀಗೆ.”

ಎರಡು ಬೆರಳಲ್ಲಿ ಆ ನೀರನ್ನು ತಿಕ್ಕಿ ನೋಡಿ, “ಅಂಟುವಾಳಕಾಯಿ ನೊರೆ ಇದ್ದಂಗಿದೆ” ಅಂದರು. ಆಮೇಲೆ ಓದಿದರೆ, ಹಕ್ಕಿಗಳು ತಿನ್ನದಿರಲಿ ಅಂತ ಕ್ವಿನೋವಾ ತನ್ನ ಸಿಪ್ಪೆಗೆ ಬಳಿದುಕೊಂಡಿರುವ ಕಹಿಯ ಹೆಸರು ಸಪೋನಿನ್. ಅಂಟುವಾಳದ ನೊರೆಗೂ ಅದೇ ಕಾರಣ. ಹಕ್ಕಿಗಿದ್ದ ಬುದ್ಧಿ ನನಗಿರಲಿಲ್ಲ.

ಬೇಯುವುದಕ್ಕೆ ಹದಿನೈದೇ ನಿಮಿಷ. ಮುಚ್ಚಳ ತೆಗೆದಾಗ ಅಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಬೆಂದ ಕ್ವಿನೋವಾವನ್ನು ಹತ್ತಿರದಿಂದ ಕಂಡವರಿಗೆ ಗೊತ್ತು, ಪ್ರತಿ ಕಾಳಿನಿಂದಲೂ ಒಂದು ಬಿಳಿ ಎಳೆ ಬಿಚ್ಚಿಕೊಂಡು ಉಂಗುರದಂತೆ ಸುರುಳಿ ಸುತ್ತಿರುತ್ತದೆ. ಅದು ಕಾಳಿನ ಮೊಳಕೆ. ಅಮ್ಮನ ಕಣ್ಣಿಗೆ ಅದು ಬೇರೆಯೇ ಆಗಿತ್ತು.

“ಹುಳ ಬಿದ್ದಿದೆ ಕಣೋ! ಬಾಲ ಬಂದಿದೆ ನೋಡು, ಎಲ್ಲದಕ್ಕೂ!”

ಮಗಳು ಓಡಿ ಬಂದು ನೋಡಿ, “ಅಜ್ಜಿ, ಸೋ ಕ್ಯೂಟ್!” ಅಂದಳು. ಅಜ್ಜಿ ಕನ್ನಡಕ ಹಾಕಿಕೊಂಡು ಒಂದು ಕಾಳನ್ನು ಅಂಗೈ ಮೇಲೆ ಇಟ್ಟು ಪರೀಕ್ಷಿಸಿ, ಇದು ಭತ್ತದ ಜಾತಿಯದ್ದಲ್ಲ, ದಂಟಿನ ಬೀಜದ ಕಡೆಯದ್ದು ಅಂತ ತೀರ್ಪು ಕೊಟ್ಟರು. ನಾನು ನಕ್ಕೆ. ನಗಬಾರದಿತ್ತು. ಕ್ವಿನೋವಾ ನಮ್ಮ ದಂಟು, ಪಾಲಕ್‌ಗಳ ಕುಟುಂಬದ್ದೇ. ಪೆರು, ಬೊಲಿವಿಯಾದ ಬೆಟ್ಟಗಳಲ್ಲಿ ಸಾವಿರಾರು ವರ್ಷದಿಂದ ಬೆಳೆಯುತ್ತಿದ್ದ ಈ ದಂಟಿನ ದಾಯಾದಿಗೆ ವಿಶ್ವಸಂಸ್ಥೆ 2013ನೇ ಇಸವಿಯನ್ನೇ ಬಿಟ್ಟುಕೊಟ್ಟಿತ್ತು. ನಮ್ಮ ಸಿರಿಧಾನ್ಯಗಳಿಗೆ ಆ ಮರ್ಯಾದೆ ಸಿಕ್ಕಿದ್ದು 2023ರಲ್ಲಿ.

“ರಾಗಿಗೆ ಹತ್ತು ವರ್ಷ ತಡವಾ?” ಅಮ್ಮನಿಗೆ ಬೇಜಾರಾಯಿತು. ಮನೆ ಅಳಿಯನನ್ನು ಬಿಟ್ಟು ದೂರದ ನೆಂಟನಿಗೆ ಮೊದಲು ಎಲೆ ಹಾಕಿದ ಹಾಗೆ.

ಲೆಕ್ಕದಲ್ಲಿ ಗಟ್ಟಿಯಾದ ನನ್ನವಳು ಅಷ್ಟರಲ್ಲಿ ಫೋನು ಹಿಡಿದು ಬಂದಳು. ನೂರು ಗ್ರಾಂ ಬಿಳಿ ಅನ್ನದಲ್ಲಿ ಕಾರ್ಬೋಹೈಡ್ರೇಟ್ ಸುಮಾರು 28 ಗ್ರಾಂ, ಬೆಂದ ಕ್ವಿನೋವಾದಲ್ಲಿ 21. ಅದಕ್ಕೆ ನಾನು ಎರಡು ಇಡೀ ಅನಾನಸ್ ಸುರಿಯುತ್ತಿದ್ದೇನೆ. “ಏಳು ಗ್ರಾಂ ಉಳಿಸಿ ಹಣ್ಣಿನ ಸಕ್ಕರೆ ತುಂಬಿಸೋದಕ್ಕೆ ಬೆಳಗ್ಗೆ ಆರಕ್ಕೆ ಎದ್ದಿರಾ?” ನಾರಿನಂಶ, ಪ್ರೋಟೀನು ಅಂತ ಏನೇನೋ ತಡವರಿಸಿದೆ.

ಇನ್ನು ಅನಾನಸ್. ಕಾಸ್ಟ್ಕೋದಿಂದ ತಂದದ್ದು, ಕುತ್ತಿಗೆಯಲ್ಲಿ ಕೋಸ್ಟಾರಿಕಾದ ಚೀಟಿ. ಅಮ್ಮನ ತವರು ಬನವಾಸಿ ಕಡೆ; ಅಲ್ಲಿ ಎಕರೆಗಟ್ಟಲೆ ಅನಾನಸ್. ಪಂಪ ಬನವಾಸಿಯಲ್ಲಿ ಏನು ನೆನೆದನೋ, ಅಮ್ಮ ನೆನೆಯುವುದು ಅನಾನಸ್ ಗೊಜ್ಜನ್ನೇ. ನಾನು ಹಣ್ಣು ಹೆಚ್ಚಿ ಮೊಸರಿಗೆ ಹಾಕಲು ಹೊರಟಾಗ ಅವರು ಕೈ ಹಿಡಿದರು.

“ಹಸೀದು ಹಾಕಬೇಡ. ಒಂದು ಕುದಿ ಬೇಯಿಸಿ ಹಾಕು. ಮೊಸರು ಕೆಡುತ್ತೆ.”

“ಬೇಯಿಸಿದರೆ ವಿಟಮಿನ್ ಸಿ ಹೋಗುತ್ತಮ್ಮ.”

“ಸರಿ ಹಾಗಾದರೆ,” ಅಂದು ಅಮ್ಮ ಸೀರೆ ಉಡಲು ಹೋದರು. ಅಮ್ಮ ಹೀಗೆ ಸುಲಭವಾಗಿ ಒಪ್ಪಿದಾಗಲೇ ಹೆದರಬೇಕು.

ಸಾಸಿವೆ, ಉದ್ದಿನಬೇಳೆ, ಇಂಗು, ಹಸಿಮೆಣಸಿನಕಾಯಿ, ಶುಂಠಿ. ಜೊತೆಗೆ ಚಳಿಗಾಲವೆಲ್ಲ ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿ ಎರಡನೇ ಮಗುವಿನಂತೆ ಬೆಳೆದ ಗಿಡದಿಂದ ಕಿತ್ತ ಹನ್ನೊಂದು ಕರಿಬೇವಿನ ಎಲೆ. ಎಣಿಸಿಕೊಟ್ಟದ್ದು ನನ್ನವಳು. ಎಂಟು ಗಂಟೆಗೆಲ್ಲ ಒಗ್ಗರಣೆ ಬಿದ್ದು ಎಲ್ಲ ಕಲೆಸಿಯಾಗಿತ್ತು. ಬಾಯಿಗಿಟ್ಟರೆ, ಆಹಾ! ಅಮ್ಮನಿಗೂ ಒಂದು ಚಮಚ ಕೊಟ್ಟೆ. “ಈಗ ಚೆನ್ನಾಗಿದೆ” ಅಂದರು. ಆ ‘ಈಗ’ ನನ್ನ ಕಿವಿಗೆ ಬೀಳಲಿಲ್ಲ.

ಊಟ ಹನ್ನೆರಡಕ್ಕೆ ಅಂತ ಇತ್ತು. ಕನ್ನಡಿಗರ ಹನ್ನೆರಡು, ಹಾಗಾಗಿ ಎರಡಾಯಿತು. ಮುಚ್ಚಳ ತೆಗೆದಾಗ ಮೊಸರನ್ನ ಮೊಸರನ್ನವಾಗಿರಲಿಲ್ಲ. ಮೊಸರು ನೀರೊಡೆದು, ಬಾಲ ಬಂದ ಕಾಳುಗಳು ಅದರಲ್ಲಿ ಈಜುತ್ತಿದ್ದವು. ರುಚಿ ನೋಡಿದೆ. ಬೇವಿನ ಕಷಾಯ! ಮರದ ಹಿಂದೆ ನಿಂತು, ಸೊಳ್ಳೆ ಹೊಡೆಯುತ್ತಾ ಫೋನಿನಲ್ಲಿ ಹುಡುಕಿದೆ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ, ಅದು ಹಾಲು ಮೊಸರಿನ ಪ್ರೋಟೀನನ್ನು ಕತ್ತರಿಸಿ ಚೂರು ಮಾಡುತ್ತದೆ, ಆ ಚೂರುಗಳು ಕಹಿ. ಬೇಯಿಸಿದರೆ ಕಿಣ್ವ ಸಾಯುತ್ತದೆ.

ಪಾತ್ರೆಯನ್ನು ಮೆಲ್ಲಗೆ ಕಾರಿಗೆ ಸಾಗಿಸೋಣ ಅಂತ ಬಂದರೆ ಕೂಟದ ಹಿರಿಯರೊಬ್ಬರು ಆಗಲೇ ಬಡಿಸಿಕೊಂಡು ತಿನ್ನುತ್ತಿದ್ದರು. ಮುಖ ಕಿವುಚಿತು. ಕಣ್ಣು ಮುಚ್ಚಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ಹಾಗಲಕಾಯಿನಾ? ಭೇಷ್! ಶುಗರ್‌ಗೆ ಇದಕ್ಕಿಂತ ಬೇಕಾ?” ಅಂದವರೇ ಇನ್ನೆರಡು ಸೌಟು ಹಾಕಿಕೊಂಡರು.

ಸುದ್ದಿ ಹರಡಿತು. ಎವನ್‌ಸಿ ಐದೂ ಮುಕ್ಕಾಲು ದಾಟಿದವರೆಲ್ಲ ಸಾಲುಗಟ್ಟಿದರು, ಮತ್ತು ಆ ಸಾಲು ಪೂರಿ ಸಾಗುವಿನ ಸಾಲಿಗಿಂತ ಉದ್ದವಿತ್ತು. ಒಬ್ಬೊಬ್ಬರೂ ಮುಖ ಕಿವುಚಿ, ಎದೆ ಸವರಿಕೊಂಡು, ಮೆಂತ್ಯವೇ, ಅಮೃತಬಳ್ಳಿಯೇ ಅಂತ ವಾದ ಮಾಡಿದರು. ಪಾತ್ರೆಯ ತಳ ಕೆರೆದರು. ಮಾಡುವ ವಿಧಾನ ಕೇಳಿದರು. ನಾನು ಅಮ್ಮನ ಮುಖ ನೋಡಿದೆ.

“ಹೇಳೋ, ವಿಟಮಿನ್ ಹೋಗದ ಹಾಗೆ ಮಾಡೋದು ಹೇಗೆ ಅಂತ ಹೇಳು,” ಅಂದರು, ಸೆರಗು ಬಾಯಿಗೆ ಒತ್ತಿಕೊಂಡು.

ಹೊರಡುವಾಗ ಸಮಿತಿಯವರು ಕೈ ಕುಲುಕಿ ಹೇಳಿದರು: “ಯುಗಾದಿಗೆ ಬೇವಿನ ಎಲೆ ಹುಡುಕಿ ಪ್ರತಿ ವರ್ಷ ಒದ್ದಾಡ್ತೀವಿ ಸಾರ್. ಬರುವ ವರ್ಷ ಆ ಜವಾಬ್ದಾರಿ ನಿಮ್ಮದೇ.”

ದಾರಿಯುದ್ದಕ್ಕೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಗ್ಯಾರೇಜಿನ ಬಾಗಿಲು ಮೇಲೇರಿತು. ಅಮ್ಮ ಸೀಟ್‌ಬೆಲ್ಟಿನ ಜೊತೆ ಗುದ್ದಾಡುತ್ತಲೇ ಹೇಳಿದರು.

“ಕಾರು ಊಟ ಮಾಡಿ ಉಳಿಸಿದ್ದರೆ ಎರಡು ಪಾವು ಒಳಗೆ ತಗೊಂಡು ಬಾ.”