ಕಾರ್ಡಣ್ಣ

ಹುಣಸೂರು ಕಡೆ ಯಾರಾದರೂ ‘ನಂಗೆ ಕಾರ್ಡಾಯ್ತು’ ಎಂದರೆ ಎದುರಿನವನು ಮೊದಲು ಕೇಳುವುದು ‘ಎಷ್ಟು ಕೆ.ಜಿ.ಗೆ?’ ಎಂದು. ಇದು ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಲೈಸೆನ್ಸು, ಸೊಪ್ಪು ಬೇಯಿಸಲು ಒಂದು ಬ್ಯಾರನ್, ಹರಾಜಿನಲ್ಲಿ ಇಷ್ಟು ಕೆ.ಜಿ. ಮಾರಬಹುದೆಂಬ ಲೆಕ್ಕ, ಇಷ್ಟಿದ್ದವನೇ ಇಲ್ಲಿ ಕಾರ್ಡುದಾರ. ಹಾಗಾಗಿ ನಮ್ಮ ಕಾರ್ಡಣ್ಣ ಅಮೆರಿಕದಿಂದ ಫೋನ್ ಮಾಡಿ ‘ಅವ್ವ, ಕೊನೆಗೂ ಗ್ರೀನ್ ಕಾರ್ಡು ಬಂತು’ ಎಂದಾಗ ಅವರವ್ವ ‘ಅಲ್ಲೂ ಸೊಪ್ಪು ಹಾಕ್ತೀಯೇನ್ಲಾ?’ ಎಂದದ್ದರಲ್ಲಿ ತಪ್ಪೇನಿಲ್ಲ.

ಕಾರ್ಡಣ್ಣ ಅನ್ನುವುದು ಒಬ್ಬನ ಹೆಸರಲ್ಲ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲೂ ಇವನಿದ್ದಾನೆ. ಕೆ.ಆರ್. ನಗರದ ಗದ್ದೆಬಯಲಿನವನು ಆಸ್ಟ್ರೇಲಿಯಾದಲ್ಲಿದ್ದಾನೆ. ಎಚ್.ಡಿ. ಕೋಟೆಯವನು ಕೆನಡಾದಲ್ಲಿ, 5 ವರ್ಷದಲ್ಲಿ 730 ದಿನ ಅಲ್ಲೇ ಇರದಿದ್ದರೆ ಕಾಯಂ ವಾಸದ ಪಿಆರ್ ಹೋಗುತ್ತದೆಂದು ತಂಗಿಯ ಧಾರೆ ಮುಗಿಸಿದವನು ಬೀಗರೂಟಕ್ಕೂ ನಿಲ್ಲದೆ ಹೊರಟ. ಹುಣಸೂರು ಟೌನಿನಿಂದ ಗಲ್ಫಿಗೆ ಹೋದವರೂ ಇದ್ದಾರೆ. ಅಲ್ಲಿ ಮೂವತ್ತು ವರ್ಷ ದುಡಿದರೂ ಸಾಮಾನ್ಯವಾಗಿ ಕೆಲಸದ ಜೊತೆಗೇ ವೀಸಾನೂ ಮುಗಿಯುತ್ತದೆ. ಆದ್ದರಿಂದ ಗಲ್ಫಿನವನಿಗೆ ಕಾರ್ಡಿನ ಭ್ರಾಂತಿ ಇಲ್ಲ. ಅವನು ಮೊದಲ ದಿನದಿಂದಲೂ ಮೈಸೂರು ಜಿಲ್ಲೆಯ ಕಾಯಂ ನಿವಾಸಿ, ರಜೆಯ ಮೇಲೆ ದುಬೈನಲ್ಲಿದ್ದಾನೆ, ಅಷ್ಟೆ. ನಾನು ಹೇಳುತ್ತಿರುವುದು ಹುಣಸೂರು ಪಕ್ಕದ ಹಳ್ಳಿಯ ಅಮೆರಿಕದವನ ಸಮಾಚಾರ.

ಡಿಸೆಂಬರ್ ಮೂರನೇ ವಾರ ಬರುತ್ತಾನೆ. ಕ್ರಿಸ್‌ಮಸ್ ರಜೆ. ಸಂಕ್ರಾಂತಿಗೆ ಮೊದಲೇ ಹೊರಡುತ್ತಾನೆ. ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ತೇರು ನೋಡಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ. ಬಂದ ಮಾರನೇ ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ, ಬಗಲಲ್ಲಿ ಸ್ವಂತ ನೀರಿನ ಬಾಟಲಿ ಇಟ್ಟುಕೊಂಡು, ಕಾರ್ಡಿನ ಕಥೆ ಶುರು ಮಾಡುತ್ತಾನೆ. ಅದನ್ನು ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಅಮೆರಿಕ ಉದ್ಯೋಗದ ಲೆಕ್ಕದಲ್ಲಿ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇ 7ಕ್ಕೆ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ಐಸ್‌ಲ್ಯಾಂಡಿನವರು ಎಷ್ಟು ಜನ ಕೇಳುತ್ತಾರೋ ಗೊತ್ತಿಲ್ಲ. ಇಂಡಿಯಾದವರ ಸಾಲು ಮಾತ್ರ ಕರಗುವುದಿಲ್ಲ.

‘ಪ್ರಯಾರಿಟಿ ಡೇಟು ಅಂತ ಇರುತ್ತೆ ದೊಡ್ಡಪ್ಪ. ಅರ್ಜಿ ಹಾಕಿದ ದಿನ ಅದು. ತಿಂಗಳಿಗೊಂದು ಬುಲೆಟಿನ್ ಬರುತ್ತೆ. ಒಂದ್ ತಿಂಗಳು ಒಂದು ವಾರ ಮುಂದಕ್ಕೆ ಹೋಗುತ್ತೆ, ಇನ್ನೊಂದ್ ತಿಂಗಳು ಎರಡು ವರ್ಷ ಹಿಂದಕ್ಕೇ ಬಂದ್ಬಿಡುತ್ತೆ.’

ಎದುರಿಗಿದ್ದವರು ಕೋಟೆ ಕಡೆಯ ಹಿರಿಯರು. ‘ಎಷ್ಟು ವರ್ಸ ಕಾದೆ?’

‘ಹನ್ನೆರಡು.’

ಹಿರಿಯರು ಬೀಡಿಯ ಬೂದಿ ಕೊಡವಿದರು. ‘ನಾನು ನಮೂನೆ 53 ಹಾಕಿದ್ದು ನಿನ್ನ ಮದ್ವೆಗೂ ಮುಂಚೆ. ನಾನೇ ಉಳ್ತಿರೋ ಜಮೀನು. ಇನ್ನೂ ಸಾಗುವಳಿ ಚೀಟಿ ಕಂಡಿಲ್ಲ. ನಿಂದೇ ವಾಸಿ ಕಣಪ್ಪ. ನಿಮ್ಮ ಸರ್ಕಾರ ತಿಂಗಳಿಗೊಂದು ಸಲ ಇಲ್ಲ ಅಂತನಾದ್ರೂ ಹೇಳುತ್ತೆ.’

ಬೆಂಚಿನಲ್ಲಿದ್ದವರೆಲ್ಲ ಹೌದೌದೆಂದರು. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮಕ್ಕೆಂದು ಬಗರ್‌ಹುಕುಂನ ನಮೂನೆ 50, ಆಮೇಲೆ 53, ಅದೂ ಸಾಲದೆ 2018ರಲ್ಲಿ 57. ಈ ಮೂರರಲ್ಲಿ ಒಂದನ್ನೂ ಹಾಕದ ಮನೆ ಕೋಟೆ ಕಡೆ ಹುಡುಕಬೇಕು. ಅಂಥವರ ಮುಂದೆ ಕಾಯುವ ಕಷ್ಟ ಹೇಳಿಕೊಂಡದ್ದು ಕಾರ್ಡಣ್ಣನ ಅವಿವೇಕ. ಅವನು ಟೀ ದುಡ್ಡು ಕೊಟ್ಟು ಎದ್ದ. ಎಲ್ಲರದ್ದೂ ಕೊಟ್ಟ ಅನ್ನಿ.

ಕಾರ್ಡು ಬಂದರೂ ಮುಗಿಯಲಿಲ್ಲ. ಅದಾಗಿ 5 ವರ್ಷ, ಅದರಲ್ಲಿ ಅರ್ಧದಷ್ಟಾದರೂ ಅಲ್ಲೇ ಮೈಯಿಟ್ಟುಕೊಂಡಿದ್ದರೆ ಪೌರತ್ವಕ್ಕೆ ಅರ್ಜಿ. ಆಗಿನ ಪದ್ಧತಿಯಂತೆ ನೂರು ಪ್ರಶ್ನೆ ಬಾಯಿಪಾಠ ಮಾಡಿದ. ಕೇಳುತ್ತಿದ್ದುದು ಹತ್ತು, ಆರು ಸರಿಯಾದರೆ ಪಾಸು. ಕೈಯೆತ್ತಿ ಪ್ರಮಾಣವಚನ. ಬೇರೆ ಯಾವ ರಾಜನಿಗೂ ರಾಜ್ಯಕ್ಕೂ ನನ್ನ ನಿಷ್ಠೆ ಇಲ್ಲ ಎಂದು ಅದರಲ್ಲಿ ಹೇಳಬೇಕು, ಹೇಳಿದ. ಅದು ಅಕ್ಟೋಬರ್. ಅದೇ ವಾರ ಮೈಸೂರಿನ ಜಂಬೂಸವಾರಿಯನ್ನು ರಾತ್ರಿಯೆಲ್ಲ ಎದ್ದಿದ್ದು ಲ್ಯಾಪ್‌ಟಾಪಿನಲ್ಲಿ ನೋಡಿ, ಅಂಬಾರಿ ಹೊರಟಾಗ ಚಪ್ಪಲಿ ಬಿಟ್ಟು ನಿಂತು ಕೈಮುಗಿದ. ಪ್ರಮಾಣದಲ್ಲಿ ಆನೆಯ ಮಾತಿರಲಿಲ್ಲವಲ್ಲ.

ನಮ್ಮ ಸಂವಿಧಾನಕ್ಕೆ ಎರಡು ಪೌರತ್ವ ಒಗ್ಗುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ್ದು ಬಂದ ಗಳಿಗೆಯೇ ಇಲ್ಲಿಯದು ಹೋಯಿತು. ಪಾಸ್‌ಪೋರ್ಟು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಒಂದು ಸರ್ಟಿಫಿಕೇಟು ತೆಗೆದುಕೊಂಡು, ಅದನ್ನು ಲಗತ್ತಿಸಿ ಸಾಗರೋತ್ತರ ಭಾರತೀಯ ಪೌರ, ಅಂದರೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. 2005ರ ತಿದ್ದುಪಡಿಯಿಂದ ನಡೆಯುತ್ತಿರುವ ವ್ಯವಸ್ಥೆ ಇದು. ಭಾರತೀಯ ಮೂಲದವರಿಗೆ ಕೊಡುತ್ತಿದ್ದ ಹಳೆಯ ಪಿಐಒ ಕಾರ್ಡನ್ನು 2015ರ ಜನವರಿ 9ರಂದು ಇದರೊಳಕ್ಕೇ ಸೇರಿಸಿದರು. ನೋಡಲು ಪಾಸ್‌ಪೋರ್ಟೇ, ಆದರೆ ಪಾಸ್‌ಪೋರ್ಟಲ್ಲ. ಜೀವಮಾನದ ವೀಸಾ ಉಂಟು, ಓಟಿಲ್ಲ. ಮೈಸೂರಿನಲ್ಲಿ ಸೈಟು, ಫ್ಲ್ಯಾಟು ಎಷ್ಟು ಬೇಕಾದರೂ ಕೊಳ್ಳಬಹುದು, ಒಂದು ಗುಂಟೆ ಹೊಲ ಕೊಳ್ಳುವಂತಿಲ್ಲ.

ಈ ಕೊನೆಯದೇ ಅವನಿಗೆ ಚುಚ್ಚಿದ್ದು. ಅಪ್ಪ ತೀರಿಕೊಂಡ ಮೇಲೆ ಮೂರು ಎಕರೆ ಪೌತಿ ಖಾತೆಯಲ್ಲಿ ಅವನ ಹೆಸರಿಗೆ ಬಂತು, ಪಿತ್ರಾರ್ಜಿತಕ್ಕೆ ಅಡ್ಡಿಯಿಲ್ಲ. ಪಕ್ಕದ ಒಂದೆಕರೆ ಮಾರಾಟಕ್ಕಿತ್ತು. ಅವನ ತಾತ ಗುತ್ತಿಗೆಗೆ ಉತ್ತ ನೆಲ ಅದು. ಇವನು ಕೊಳ್ಳುವಂತಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತನಲ್ಲದವನೂ ಜಮೀನು ಕೊಳ್ಳಬಹುದು ಎಂದಾಯಿತಲ್ಲ, ಬೆಂಗಳೂರಿನ ಒಬ್ಬರು ಬಂದು ಕೊಂಡರು. ರಾಗಿ ತೆನೆ ಯಾವುದು, ಹುಲ್ಲು ಯಾವುದು ಎಂದು ಅವರಿಗೆ ತೋರಿಸಿಕೊಟ್ಟವನು ಕಾರ್ಡಣ್ಣ. ತೋರಿಸಿ ಬಂದು ರಾತ್ರಿ ಊಟ ಬಿಟ್ಟ.

ಕಾರ್ಡು ಪೂರಾ ವ್ಯರ್ಥ ಎಂದೂ ಹೇಳುವಂತಿಲ್ಲ. ಮಕ್ಕಳಿಗೆ ಹುಲಿ ತೋರಿಸಲು ಕಬಿನಿ ಹಿನ್ನೀರಿನ ಕಡೆ, ದಮ್ಮನಕಟ್ಟೆ ಸಫಾರಿಗೆ ಹೋಗಿದ್ದ. ಒಸಿಐನವರಿಗೆ ಅಭಯಾರಣ್ಯಗಳಲ್ಲಿ ಭಾರತೀಯರ ದರವೇ ಎಂದು 2021ರ ಮಾರ್ಚ್ 4ರ ಅಧಿಸೂಚನೆ ಹೇಳುತ್ತದೆ. ಅದರ ಪ್ರಿಂಟು ತೆಗೆಸಿ, ನಾಲ್ಕು ಕಾರ್ಡಿನ ಜೊತೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿಟ್ಟು, ಕೌಂಟರಿನಲ್ಲಿ ವಾದಕ್ಕೇ ಸಿದ್ಧನಾಗಿ ನಿಂತ.

‘ಯಾವೂರಾಯ್ತು ಸಾ?’ ಎಂದರು ಒಳಗಿದ್ದವರು.

‘ಹುಣಸೂರತ್ರ.’

‘ನಾಕ್ ಜನಾನ? ಹೋಗಿ, ಜೀಪ್ ಹೊರಡ್ತದೆ.’

ಫೋಲ್ಡರು ಬಿಚ್ಚಲೇ ಇಲ್ಲ. ಹುಲಿಯೂ ಕಾಣಲಿಲ್ಲ. ಆದರೆ ಅವತ್ತು ಕಾರ್ಡಣ್ಣನ ಮುಖದಲ್ಲಿದ್ದ ಕಳೆ ಪ್ರಮಾಣವಚನದ ಫೋಟೋದಲ್ಲಿ ಇಲ್ಲ.

ಬೈಲಕುಪ್ಪೆಗೆ ಹೋದ ದಿನ ಆ ಕಳೆ ಇಳಿಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಈ ಟಿಬೆಟನ್ ಕ್ಯಾಂಪು 1960ರ ದಶಕದ ಶುರುವಿನದು. ಹುಣಸೂರಿನ ಗುರುಪುರದ್ದು ಆಮೇಲೆ ಬಂದದ್ದು. ಗೋಲ್ಡನ್ ಟೆಂಪಲ್ ನೋಡಿ ಸ್ವೆಟರ್ ಅಂಗಡಿಗೆ ಹೊಕ್ಕ. ಅಂಗಡಿಯವನು ಇಲ್ಲೇ ಹುಟ್ಟಿದವನು. ‘ಬನ್ನಿ ಅಣ್ಣ, ಮಕ್ಳಿಗೆ ಇದು ಬೆಚ್ಚಗಿರ್ತದೆ, ಅವ್ವಾರಿಗೆ ಶಾಲು ತಗಳಿ’ ಎಂದು ನಮ್ಮ ಸೀಮೆಯ ಕನ್ನಡ ಸುರಿಸಿದ. ಕಾರ್ಡಣ್ಣ ‘ಆ್ಯಕ್ಚುಲಿ’ ಎಂದು ಶುರು ಮಾಡಿದ. ಮಾತಿಗೆ ಮಾತು ಬಂದು ತಿಳಿದದ್ದಿಷ್ಟು: ಆ ಅಂಗಡಿಯವನು ಕಾಗದದ ಮೇಲೆ ಪರದೇಶಿ, ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪುಸ್ತಕ ಅವನ ಬಳಿ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದೆ. ಈ ಅಂಗಡಿಯವನು ಹುಟ್ಟಿದ್ದು ಆ ಜುಲೈ ಕಳೆದ ಮೇಲೆ. ಇಲ್ಲೇ ಹುಟ್ಟಿ ಪರದೇಶಿಯಾದವನೊಬ್ಬ, ಹನ್ನೆರಡು ವರ್ಷ ಸರದಿ ನಿಂತು ಪರದೇಶಿಯಾದವನೊಬ್ಬ. ಜೀವಮಾನದ ವೀಸಾ ಎರಡನೆಯವನಿಗೆ. ಕಾರ್ಡಣ್ಣ ಚೌಕಾಸಿ ಮಾಡದೆ ಮೂರು ಸ್ವೆಟರ್ ಕೊಂಡ, ಅವನಿರುವುದು ಟೆಕ್ಸಾಸಿನಲ್ಲಿ.

ಇಷ್ಟಾದರೂ ‘ರಿಟೈರಾದ್ಮೇಲೆ ಬಂದ್ಬಿಡ್ತೀನಿ’ ಎಂಬುದು ಬಾಯಲ್ಲಿದೆ. ದಾರಿಯೂ ಇದೆ. ಒಸಿಐ ಆಗಿ 5 ವರ್ಷ ಕಳೆದು, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದರೆ ಮತ್ತೆ ಭಾರತದ ಪೌರನಾಗಲು ಕೇಳಬಹುದು. ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿದೆ. ಆದರೆ ಮೂರನೇ ವಾರಕ್ಕೇ ಇವನು ವೈಫೈ, ಧೂಳು, ಹಾರನ್ನು ಎಂದು ರಾಗ ಎಳೆಯುತ್ತಾನೆ.

ಊರಿನಲ್ಲಿ ಇವನ ಕಾಯಂ ವಾಸ ಉಳಿದಿರುವುದು ಬೇರೆಯದೇ ಪುಸ್ತಕದಲ್ಲಿ. ಅದು ಅವರವ್ವನ ಟ್ರಂಕಿನಲ್ಲಿದೆ. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು, ರಟ್ಟು ಎದ್ದಿದೆ, ಮೊದಲ ಪುಟದಲ್ಲಿ ಅರಿಸಿನ ಕುಂಕುಮದ ಕಲೆ. 2006ರಲ್ಲಿ ಇವನ ಮದುವೆಗೆ ಬಂದ ಮುಯ್ಯಿ. ಬಿಳಿಕೆರೆ ಅತ್ತೆ, 101 ಮತ್ತು ಒಂದು ಸ್ಟೀಲ್ ಬಿಂದಿಗೆ. ಗಾವಡಗೆರೆ ಮಾವ, 501. ಹನಗೋಡಿನ ಮೇಷ್ಟ್ರು, 51. ಕಟ್ಟೆಮಳಲವಾಡಿಯ ಬ್ಯಾರನ್ ಮನೆಯವರು, ಒಂದು ಗೋಡೆ ಗಡಿಯಾರ. ಎದುರಿಗೆ ತೀರಿಸಿದ್ದಕ್ಕೆಲ್ಲ ಪೆನ್ಸಿಲಿನ ಗೀಟು. ಅಂದಿನಿಂದ ಆಯಮ್ಮ ಒಂದು ಮದುವೆ, ಒಂದು ಗೃಹಪ್ರವೇಶ ತಪ್ಪಿಸಿಲ್ಲ. ಬಸ್ಸು ಹತ್ತಿ, ಕೋಟೆಯಾದರೆ ಕೋಟೆ, ಸಾಲಿಗ್ರಾಮವಾದರೆ ಸಾಲಿಗ್ರಾಮ. 101 ಕೊಟ್ಟವರಿಗೆ 101 ತೀರಿಸಿದರೆ ಮುಖ ಸಪ್ಪಗಾಗುತ್ತದೆಂದು 500. ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯುವ ಹುಡುಗ ಪೆನ್ನು ಹಿಡಿದು ‘ಯಾರ ಹೆಸರಿಗವ್ವ?’ ಎಂದರೆ ಮಗನ ಹೆಸರು ಹೇಳುತ್ತಾರೆ.

‘ಅವ್ರು ಅಮೆರಿಕ ಅಲ್ವಾ? ಅಮೆರಿಕ ಅಂತ ಹಾಕ್ಲಾ?’

‘ಅಮೆರಿಕ ಗಿಮೆರಿಕ ಏನೂ ಬ್ಯಾಡ. ಊರ ಹೆಸರು ಬರಿ.’

ಹೀಗಾಗಿ ಈ ನಾಲ್ಕು ತಾಲ್ಲೂಕಿನ ಮುಯ್ಯಿ ಪುಸ್ತಕಗಳಲ್ಲೆಲ್ಲ ಕಾರ್ಡಣ್ಣ ಒಂದು ದಿನವೂ ಊರು ಬಿಟ್ಟವನಲ್ಲ.

ಈ ಸಲ ಅವರವ್ವ ಮಂಡಿನೋವು ಎಂದು ಪುಸ್ತಕ ತಂದು ಅವನ ಮಡಿಲಿಗೇ ಹಾಕಿದರು. ‘ಇನ್ಮ್ಯಾಕೆ ನಂಗಾಗಕಿಲ್ಲ ಕಣ್ಮಗ. ಇನ್ನೂ ಎಷ್ಟೋ ಮನೆ ಬಾಕಿ ಅವೆ. ನೀನೇ ಹೋಗಿ ಮಾಡು.’

‘ಎಲ್ರಿಗೂ ಫೋನ್‌ಪೇ ಮಾಡ್ಸಿದ್ರಾಗಲ್ವಾ ಅವ್ವ?’

‘ಅಕ್ಕಿಕಾಳೂ ಫೋನಲ್ಲೇ ಹಾಕ್ತೀಯಾ?’

ಕಾರ್ಡಣ್ಣನಿಗೆ ಉತ್ತರ ಹೊಳೆಯಲಿಲ್ಲ. ಬಾಕಿ ಪಟ್ಟಿಯನ್ನು ಎಕ್ಸೆಲ್ ಶೀಟಿಗೆ ಏರಿಸಿದ, ತಾಲ್ಲೂಕುವಾರು ಬಣ್ಣ ಹಚ್ಚಿದ, ಈ ರಜೆಯಲ್ಲೇ ನಾಲ್ಕಾರು ಮದುವೆ ಮುಗಿಸುತ್ತೇನೆಂದು ಪಂಚಾಂಗ ತೆಗೆಸಿದ. ಒಂದೂ ಲಗ್ನವಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ನಮ್ಮ ಕಡೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅವನ ಕಂಪನಿಯ ಮ್ಯಾನೇಜರರಲ್ಲಿ ನಾಲ್ಕು ತಾಲ್ಲೂಕಿನ ಪರವಾಗಿ ಒಂದು ವಿನಂತಿ: ದಯವಿಟ್ಟು ಇವನಿಗೆ ರಜೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ಕೊಡಿ.