ಎರೆಹೊಲದಲ್ಲಿ ಪ್ಲಾಟಿನ ಫಸಲು

ನರಗುಂದ, ರೋಣ, ಗಜೇಂದ್ರಗಡ ತಾಲ್ಲೂಕಿನವರಿಗೆಲ್ಲ ಅಭಿನಂದನೆ. ನಮ್ಮ ಎರೆಹೊಲಗಳು ಕೊನೆಗೂ ಉದ್ಧಾರವಾಗುತ್ತಿವೆ. ಜೋಳ, ಕಡಲೆ ಬೆಳೆದುಕೊಂಡು ಬಿದ್ದಿದ್ದ ನೆಲ ಈಗ ಮೂವತ್ತು-ನಲವತ್ತರ ಪ್ಲಾಟು ಬೆಳೆಯುತ್ತಿದೆ. ಈ ಬೆಳೆಗೆ ಮಳೆ ಬೇಡ, ಗೊಬ್ಬರ ಬೇಡ, ಬೆಂಬಲ ಬೆಲೆಯೂ ಬೇಡ. ಒಂದು ಎನ್‌ಎ (ಕೃಷಿಯೇತರ ಬಳಕೆಯ) ಆದೇಶ ಸಾಕು.

ಊರ ಹೊರಗೆ ಹೋಗಿ ನೋಡಿ. ಕಪ್ಪು ಮಣ್ಣಿನ ಮೇಲೆ ಕೆಂಪು ಗರಸು ಸುರಿದು ಅದನ್ನು ರಸ್ತೆ ಎಂದಿದ್ದಾರೆ. ಮೊಳದೆತ್ತರದ ಕಲ್ಲು, ಅದರ ಮೇಲೆ ಸುಣ್ಣದ ನಂಬರು. ಮುಂದೊಂದು ಕಮಾನು, ಕಮಾನಿಗೊಬ್ಬ ಶರಣರ ಹೆಸರು. ಒಳಗೆ ಮನೆ ಎಷ್ಟು? ಒಂದೋ ಎರಡೋ. ಉಳಿದದ್ದೆಲ್ಲ ಜಾಲಿಕಂಟಿ. ಹೊಲ ಹೋಯಿತು, ಊರು ಬರಲಿಲ್ಲ. ಇದಕ್ಕೆ ಬೆಳವಣಿಗೆ ಎನ್ನಬೇಕಂತೆ.

ನಕ್ಷೆಯಲ್ಲಿ ಉದ್ಯಾನವೂ ಇದೆ. ನಕ್ಷೆಯಲ್ಲಿ ಮಾತ್ರ. ಆ ಜಾಗಕ್ಕೆ ಮೊದಲು ಕಸ ಬರುತ್ತದೆ, ಆಮೇಲೆ ಶೆಡ್ಡು, ಕೊನೆಗೆ ಸಮುದಾಯ ಭವನದ ಅಡಿಗಲ್ಲು. ಅಡಿಗಲ್ಲು ಇಟ್ಟವರೇ ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ.

1980ರ ಜುಲೈ 21ರಂದು ಇದೇ ನರಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಮಲಪ್ರಭಾ ನೀರಾವರಿಯಿಂದ ಹೊಲದ ಬೆಲೆ ಏರಿದೆ, ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದು ಸರ್ಕಾರ ಬೆನ್ನು ಹತ್ತಿತ್ತು, ರೈತರು ತಿರುಗಿಬಿದ್ದಿದ್ದರು. ಇಂದು ಅದೇ ಹೊಲಕ್ಕೆ ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಯಾರ ನಿದ್ದೆಯೂ ಕೆಟ್ಟಿಲ್ಲ. ವರ್ಷಕ್ಕೊಮ್ಮೆ ಆ ಗುಂಡಿನ ನೆನಪಿನ ವೀರಗಲ್ಲಿಗೆ ಹಾರ ಬಿದ್ದರೆ ಲೆಕ್ಕ ಚುಕ್ತಾ.

ರೈತನಲ್ಲದವನು ಹೊಲ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತೆಸೆದರು. ಕಿತ್ತವರು ರೈತಪರ. ಕೀಳಬೇಡಿ ಎಂದು ಒದರಾಡಿದವರೂ ರೈತಪರ. ಒದರಾಡಿದವರು 2023ರಲ್ಲಿ ಗದ್ದುಗೆ ಏರಿದರು. ಒದರಾಟ ನಿಂತಿತು.

ಮಹದಾಯಿ ನದಿಯ ನೀರಿಗಾಗಿ 2015ರಿಂದ ಧರಣಿ ಕೂತೆವು. 2018ರಲ್ಲಿ ನ್ಯಾಯಮಂಡಳಿ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಬಹುದು ಎಂದಿತು. ನೀರು ಇನ್ನೂ ಕಾಗದದಲ್ಲೇ ಹರಿಯುತ್ತಿದೆ. ಅದು ಕಾಲುವೆಗೆ ಇಳಿಯುವ ಹೊತ್ತಿಗೆ ಉಣಿಸಲು ಹೊಲವೇ ಇರದಿದ್ದರೆ ಚಿಂತೆಯಿಲ್ಲ. ಪ್ಲಾಟಿನ ಕಲ್ಲುಗಳಿಗೆ ಉಣಿಸೋಣ.

  

‘ಹೊಲವನ್ನು ರೈತನೇ ಮಾರುತ್ತಾನಲ್ಲ’ ಎನ್ನುತ್ತಾರೆ. ಹೌದು, ಮಾರುತ್ತಾನೆ. ಕಡಲೆ ದರ ಬಿದ್ದಾಗ ಖರೀದಿ ಕೇಂದ್ರ ತೆರೆಯಲು ತಿಣುಕುವವರು ಹೊಲ ಎನ್‌ಎ ಮಾಡಲು ಮಾತ್ರ ಪೆನ್ನಿನ ಮುಚ್ಚಳ ತೆಗೆದೇ ಕೂತಿರುತ್ತಾರೆ. ಅವನು ಇನ್ನೇನು ಮಾಡಬೇಕು?

ಮನೆ ಬೇಡ ಎಂದಿಲ್ಲ. ಮೊದಲು ಖಾಲಿ ಪ್ಲಾಟು ತುಂಬಲಿ, ಆಮೇಲೆ ಹೊಸ ಲೇಔಟಿಗೆ ಒಪ್ಪಿಗೆ ಕೊಡಿ. ಕಟ್ಟಲು ಮಸಾರಿ ಇದೆ, ಕಲ್ಲುನೆಲ ಇದೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ತೇವ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುವ ಗುಣವೇ ಗೋಡೆ ಸೀಳುವ ಗುಣ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಕಚೇರಿಗೆ ಗೊತ್ತಿಲ್ಲ.

ಆದ್ದರಿಂದ ಒಂದೇ ಒಂದು ಹೊಸ ಕಾನೂನು ಬರಲಿ. ಎರೆಹೊಲದ ಎನ್‌ಎಗೆ ಸಹಿ ಹಾಕಿದವರು, ಶಿಫಾರಸು ಮಾಡಿದವರು ಅದೇ ಲೇಔಟಿನಲ್ಲಿ ಸ್ವಂತ ದುಡ್ಡಿನಿಂದ ಮನೆ ಕಟ್ಟಿ ಎರಡು ಮಳೆಗಾಲ ಸಂಸಾರ ಮಾಡಬೇಕು. 79ಎ, 79ಬಿ ಮರಳಿ ತಂದರೂ ಇಷ್ಟು ಗಟ್ಟಿ ಬೇಲಿ ಆಗಲಿಕ್ಕಿಲ್ಲ.